ವಲ್ಲಿಯ ಮೇಲೆ ಊರಿದ ಮೊಣಕಾಲು

ಎತ್ತನ್ನು ನೆಲಕ್ಕೆ ಕೆಡವಲು ಮೈಬಲ ಬೇಕಿಲ್ಲ, ಒಂದು ಉದ್ದನೆಯ ಹಗ್ಗ ಮತ್ತು ಒಂದಿಷ್ಟು ತಾಳ್ಮೆ ಸಾಕು ಎಂದು ನಾನು ಹನ್ನೆರಡು ವಿದ್ಯಾರ್ಥಿಗಳ ಮುಂದೆ ಹೇಳಿದೆ. ಅವತ್ತು ನನ್ನ ಹತ್ತಿರ ಹಗ್ಗ ಇತ್ತು, ತಾಳ್ಮೆ ಇರಲಿಲ್ಲ. ತರಬೇತಿಯ ಅರ್ಧ ಕಾಲ ಮುಗಿದುಹೋಗಿತ್ತು, ಪಾಠ ಅರ್ಧಕ್ಕೆ ಬಂದಿರಲಿಲ್ಲ. ಮಾತಾಡುತ್ತಲೇ ಕೈಗಡಿಯಾರ ನೋಡುವ, ಕೂತಲ್ಲಿ ಕೂರದೆ ಅಂಗಳದ ಈ ತುದಿಯಿಂದ ಆ ತುದಿಗೆ ಓಡಾಡುವ ನನ್ನ ಚಾಳಿಯನ್ನು ಹುಡುಗರು ಆಗಲೇ ಬೆನ್ನ ಹಿಂದೆ ಅಣಕಿಸತೊಡಗಿದ್ದರು.

ಜೇವರ್ಗಿಯಲ್ಲಿ ಒಂದು ಸಂಸ್ಥೆ ನಡೆಸುತ್ತಿದ್ದ ಮೂರು ತಿಂಗಳ ತರಬೇತಿ ಅದು. ದನದ ದವಾಖಾನೆಗಳಲ್ಲಿ ವೈದ್ಯರ ಕೈಕೆಳಗೆ ಸಹಾಯಕರಾಗಿ ಸೇರುವವರಿಗೆ ಪಶುವೈದ್ಯೆಯಾದ ನಾನು ಕೆಲಸ ಕಲಿಸಬೇಕಿತ್ತು. ದನ ಹಿಡಿಯುವುದು, ಜ್ವರ ನೋಡುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು, ಲಸಿಕೆಯ ಪೆಟ್ಟಿಗೆ ತಂಪಾಗಿರುವಂತೆ ಕಾಯುವುದು, ಕಿವಿಗೆ ಬಿಲ್ಲೆ ಹಾಕುವುದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಬಂದಿದ್ದ ಹನ್ನೆರಡು ಜನರಲ್ಲಿ ಮೂವರಿಗೆ ಒಂದೇ ಹೆಸರು. ಹಾಗಾಗಿ ನಾನು ಎಲ್ಲರನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆ. ಕೊನೆಯಲ್ಲಿ ಹೊರಗಿನಿಂದ ಪರೀಕ್ಷಕರೊಬ್ಬರು ಬರುತ್ತಾರೆ. ನಾಲ್ವರ ಒಂದು ತಂಡ ಅವರ ಕಣ್ಣೆದುರು ಜೀವಂತ ಎತ್ತನ್ನು ಕೆಡವಿ, ಗೊರಸು ಕತ್ತರಿಸಿ, ಮತ್ತೆ ಎಬ್ಬಿಸಿ ತೋರಿಸಬೇಕು. ಅದೊಂದು ಆಗದಿದ್ದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿ ಮಾಡಿದರೂ ಹನ್ನೆರಡೂ ಜನರ ಪ್ರಮಾಣಪತ್ರ ನಿಲ್ಲುತ್ತದೆ.

ಅವರಲ್ಲಿ ಇಜೇರಿಯಿಂದ ಬರುತ್ತಿದ್ದ ಹುಡುಗಿಯ ಮೇಲೆ ನನಗೆ ಹೆಚ್ಚು ಭರವಸೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡನ ಮನೆಯಲ್ಲಿ ಒಂದು ಜೋಡಿ ಎತ್ತು, ಅವುಗಳ ಮೇವು ನೀರು ಅವಳದೇ. ಸೋಮವಾರ ಆ ಮನೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಒಮ್ಮೆ ಹುಡುಗರು ಫ್ರಿಜ್ಜಿನಿಂದ ತೆಗೆದ ಮಂಜಿನ ಪೊಟ್ಟಣಗಳನ್ನು ನೇರವಾಗಿ ಲಸಿಕೆಯ ಪೆಟ್ಟಿಗೆಗೆ ತುಂಬುತ್ತಿದ್ದಾಗ ತಡೆದವಳು ಅವಳೇ. ಒಂದೊಂದು ಪೊಟ್ಟಣವನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರಿನ ಸದ್ದು ಬಂದ ಮೇಲೆಯೇ ಇಟ್ಟಳು. ಇಲ್ಲದಿದ್ದರೆ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ ಎಂದು ನಾನು ಹೇಳಿದ್ದು ಹನ್ನೆರಡು ಜನರಲ್ಲಿ ಅವಳೊಬ್ಬಳಿಗೇ ನೆನಪಿತ್ತು.

ಕೊಳಕೂರಿನ ರೈತರೊಬ್ಬರು ಒಂದು ಎತ್ತು ಹೊಡೆದುಕೊಂಡು ಬಂದದ್ದು ನಾನು ಹಗ್ಗ, ತಾಳ್ಮೆಯ ಮಾತು ಹೇಳಿದ ಆ ಬೆಳಗ್ಗೆಯೇ. ಗೊರಸು ಬೆಳೆದು ವಕ್ರವಾಗಿ, ನಡೆದರೆ ಕುಂಟುತ್ತಿತ್ತು. ಅಂಗಳದಲ್ಲಿ ದನ ನಿಲ್ಲಿಸುವ ಕಬ್ಬಿಣದ ಪೈಪುಗಳ ಟ್ರೆವಿಸ್ ಇತ್ತು. ಅದರೊಳಗೆ ನಿಲ್ಲಿಸಿ ಒಂದೊಂದೇ ಕಾಲು ಎತ್ತಿ ಕತ್ತರಿಸಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಹಳ್ಳಿಗಳಲ್ಲಿ ಟ್ರೆವಿಸ್ ಎಲ್ಲಿರುತ್ತದೆ? ಎದುರಿಗೆ ಎತ್ತು ಬಂದು ನಿಂತಿದೆ, ಹಿಂದಿನ ಸಂಜೆಯಿಂದ ಮೇವು ತಿಂದಿಲ್ಲ ಎಂದೂ ಅವರೇ ಹೇಳಿದರು, ಕೆಡವಲು ಹೊಟ್ಟೆ ಖಾಲಿಯೇ ಇರಬೇಕು. ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ ಎಂದು ನಾನು ಹಗ್ಗ ತರಿಸಿದೆ.

ಕುತ್ತಿಗೆಗೆ ಒಂದು ಸುತ್ತು, ಮುಂಗಾಲಿನ ಹಿಂದೆ ಎದೆಗೆ ಒಂದು ಸುತ್ತು, ಹಿಂಗಾಲಿನ ಮುಂದೆ ಹೊಟ್ಟೆಗೆ ಇನ್ನೊಂದು. ಹಗ್ಗದ ತುದಿಯನ್ನು ಇಬ್ಬರು ಹಿಂದಕ್ಕೆ ನೇರವಾಗಿ ಎಳೆಯಬೇಕು, ಜಗ್ಗಾಡಬಾರದು. ಮೂರು ಕಡೆ ಬಿಗಿ ಬಿದ್ದೊಡನೆ ಎತ್ತು ಬೆನ್ನು ತಗ್ಗಿಸಿ, ಕಾಲು ಮಡಚಿ ತಾನಾಗಿಯೇ ಕೂರುತ್ತದೆ. ಹೊಟ್ಟೆಯ ದೊಡ್ಡ ಚೀಲ ಎಡಗಡೆ ಇರುವುದರಿಂದ ಬಲ ಮಗ್ಗುಲಿಗೆ ಮಲಗಿಸಬೇಕು, ಇಲ್ಲವಾದರೆ ಹೊಟ್ಟೆ ಉಬ್ಬರಿಸುವ ಭಯ. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ತಲೆ ಎತ್ತದೆ ಯಾವ ಎತ್ತೂ ಏಳಲಾರದು. ಒಂದು ಕೈಯಲ್ಲಿ ಮೂಗುದಾರ, ಇನ್ನೊಂದು ಕೈಯಲ್ಲಿ ಕೊಂಬು ಹಿಡಿದು, ಕಿವಿಯ ಹಿಂದೆ ಕುತ್ತಿಗೆಯ ಮೇಲೆ ಮೊಣಕಾಲು ಊರಿ ಕೂತವರು ಕೂತೇ ಇರಬೇಕು. ಆ ಜಾಗಕ್ಕೆ ಇಜೇರಿ ಹುಡುಗಿಯನ್ನು ಕರೆದೆ. ಆಳಂದದ ಕಡೆಯ ಜಿಡಗಾದಿಂದ ಬಂದಿದ್ದ ಒಬ್ಬ ಗಟ್ಟಿಮುಟ್ಟಾದ ಹುಡುಗ ಮುಂದೆ ಬಂದಿದ್ದ. ಅವನನ್ನು ಹಗ್ಗಕ್ಕೆ ಕಳಿಸಿದೆ. ಇದು ತಾಕತ್ತಿನ ಕೆಲಸ ಅಲ್ಲ ಎಂದು ತೋರಿಸುವ ಹಟ ನನಗೆ.

ಎತ್ತು ಹೇಳಿದ ಹಾಗೆ ಕೂತಿತು, ಟ್ರೆವಿಸ್ಸಿನ ಪಕ್ಕದಲ್ಲೇ ಮಗ್ಗುಲಾಯಿತು. ಅವಳು ಮೂಗುದಾರ, ಕೊಂಬು ಎರಡನ್ನೂ ಸರಿಯಾಗಿ ಹಿಡಿದಳು. ಮೊಣಕಾಲು ಊರಲು ಸರಿದಾಗ ಅವಳ ಪಾದ ಎತ್ತಿನ ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲಿಗೆ ತಾಗಿತು. ಅಷ್ಟೇ. ಬಲಗೈ ಕೊಂಬು ಬಿಟ್ಟು ಎತ್ತಿನ ಕುತ್ತಿಗೆ ಮುಟ್ಟಿ ತನ್ನ ಕಣ್ಣಿಗೆ ಹೋಯಿತು. ನಮ್ಮಲ್ಲಿ ಎತ್ತಿಗೆ ಕಾಲು ತಗುಲಿದರೆ ಎಲ್ಲರ ಕೈಯೂ ಹಾಗೆ ಹೋಗುತ್ತದೆ, ಯಾರೂ ಯೋಚಿಸಿ ಮಾಡುವುದಲ್ಲ. ಅಷ್ಟರಲ್ಲಿ ಎತ್ತು ತಲೆ ಎತ್ತಿ ಝಾಡಿಸಿತು, ಎಡಗೊಂಬು ಟ್ರೆವಿಸ್ಸಿನ ಎರಡು ಪೈಪುಗಳ ನಡುವೆ ಸಿಕ್ಕಿಕೊಂಡಿತು. ಅದು ಗಾಬರಿಯಿಂದ ಎಳೆದುಕೊಂಡಾಗ ಕೊಂಬಿನ ಹೊರಚಿಪ್ಪು ಇಡಿಯಾಗಿ ಕಳಚಿ ಪೈಪಿನಲ್ಲೇ ಉಳಿಯಿತು. ಒಳಗಿನ ಹಸಿ ಎಲುಬಿನಿಂದ ರಕ್ತ ಎತ್ತಿನ ಕಣ್ಣ ಮೇಲೆ, ಅವಳ ಸೀರೆಯ ಮೇಲೆ ಸುರಿಯಿತು.

ಹತ್ತಿ ಒತ್ತಿ ಹಿಡಿದು ರಕ್ತ ನಿಲ್ಲಿಸಿದೆ, ಔಷಧಿ ನೀರಿನಿಂದ ತೊಳೆದೆ, ಟಿಂಚರಿನಲ್ಲಿ ಅದ್ದಿದ ಪಟ್ಟಿ ಸುತ್ತಿದೆ. ಕೈ ಕೆಲಸ ಮಾಡುತ್ತಿತ್ತು, ಬಾಯಿ ಬೇರೆಯೇ ನಡೆದಿತ್ತು.

"ಇಲ್ಲಿ ಪೂಜಾ ಮಾಡಾಕ ಬಂದಿಯೇನ? ಕೊಂಬ ಬಿಡಂತ ಯಾರ ಹೇಳ್ಯಾರ ನಿನಗ? ನಾಳಿಂದ ಮನ್ಯಾಗ ಕೂತ ಕೈ ಮುಗಿ, ಇಲ್ಲಿಗಿ ಬರಬ್ಯಾಡ."

ಹನ್ನೊಂದು ಜನರ ಮುಂದೆ ಅಂದೆ. ಅವಳು ಅಳಲಿಲ್ಲ. ಪೈಪಿನಲ್ಲಿ ಉಳಿದಿದ್ದ ಕೊಂಬಿನ ಚಿಪ್ಪನ್ನು ಬಿಡಿಸಿಕೊಂಡು ಸೆರಗಿನಲ್ಲಿ ಹಿಡಿದು ನಿಂತಿದ್ದಳು.

ರೈತರು ಮುಂದೆ ಬಂದರು. ಅರವತ್ತರ ಆಸುಪಾಸಿನವರು, ತಲೆಗೆ ಬಿಳಿ ಟೋಪಿ, ಹೆಗಲ ಮೇಲೆ ಹೊದೆಯುವ ಬಟ್ಟೆ, ವಲ್ಲಿ. ಎತ್ತಿನ ಮೂಗುದಾರ ಕೈಗೆ ತಗೊಂಡ ಮೇಲೆ ಹೇಳಿದರು.

"ಡಾಕ್ಟರ್ ಬಾಯಿ, ಆಕಿಗಿ ಬೈಬ್ಯಾಡ್ರಿ. ಕಾಲ ತಗಲಿದ್ರ ನಾನೂ ಹಾಂಗೇ ಮಾಡತೇನಿ. ಇದು ನನ್ನ ಎಡಗೋಲ ಎತ್ತ, ನೊಗದ ಎಡಕ್ಕ ಹೂಡೋದು. ಜೋಡಿ ಕೊಂಬ ನೋಡೇ ತಂದಿದ್ದೆ. ಈಗ ಆಗಿದ್ದು ಆತು. ಆದ್ರ ಇನ್ನ ನಮ್ಮೂರಾಗಿಂದ ಒಂದ ಎತ್ತೂ ನಿಮ್ಮ ಸಾಲಿಗಿ ಬರಂಗಿಲ್ಲ."

ಬರಲಿಲ್ಲ. ಕೊಳಕೂರಿನಿಂದ ಮಾತ್ರವಲ್ಲ, ಎಲ್ಲಿಂದಲೂ ಬರಲಿಲ್ಲ. ರಕ್ತ ಸುರಿಯುತ್ತಿದ್ದ ಕೊಂಬಿನ ಫೋಟೋ ಯಾರೋ ತೆಗೆದಿದ್ದರು, ಅದು ನನಗಿಂತ ಮೊದಲೇ ಪ್ರತಿ ಊರಿಗೂ ಹೋಗಿ ಕೂತಿರುತ್ತಿತ್ತು. ಈಗ ಟ್ರ್ಯಾಕ್ಟರ್ ಇಲ್ಲದ ಊರಿಲ್ಲ, ಎತ್ತು ಉಳಿದಿರುವ ಮನೆ ಬೆರಳೆಣಿಕೆಯಷ್ಟು. ಉಳಿಸಿಕೊಂಡವರು ಪ್ರೀತಿಗೆ ಉಳಿಸಿಕೊಂಡವರು. ಅವರ ಅಂಗಳದಲ್ಲಿ ನಿಂತು, ನಿಮ್ಮ ಬಸವಣ್ಣನನ್ನು ಕೆಡವಿ ಹುಡುಗರಿಗೆ ತೋರಿಸಬೇಕು, ಒಂದು ದಿನಕ್ಕೆ ಕೊಡಿ ಎಂದು ಕೇಳುವಾಗ ನನ್ನ ಮಾತು ನನಗೇ ವಿಚಿತ್ರವಾಗಿ ಕೇಳುತ್ತಿತ್ತು. ಕೊನೆಗೆ ಅಫಜಲಪುರಕ್ಕೆ ಹೋದೆ. ಅದು ನನ್ನ ತವರು, ಅಲ್ಲಿ ಸೋದರಮಾವನ ಮನೆಯಲ್ಲಿ ಜೋಡಿ ಎತ್ತು ಇವೆ.

"ಎತ್ತ ಕೇಳಬ್ಯಾಡವ್ವ, ಟ್ರ್ಯಾಕ್ಟರ್ ಬೇಕಾದ್ರ ಒಯ್ಯಿ. ಅದನ್ನ ಕೆಡವಿ ತೋರಿಸು" ಎಂದು ಮಾವ ನಕ್ಕರು. ಅತ್ತೆ ಹೋಳಿಗೆ ಬಡಿಸಿದರು. ನಾನು ಅರ್ಧಕ್ಕೇ ಎದ್ದು ಬಸ್ಸು ಹಿಡಿದೆ.

ಎತ್ತಿಲ್ಲದೆ ಕಲಿಸುವುದು ಹೇಗೆ? ಎರಡು ಖಾಲಿ ಡ್ರಮ್ಮುಗಳನ್ನು ಸೇರಿಸಿ ಕಟ್ಟಿ, ಗೋಣಿಚೀಲ ಸುತ್ತಿದೆವು. ಜಿಡಗಾ ಹುಡುಗ ಇದ್ದಿಲಿನಲ್ಲಿ ಕಣ್ಣು ಬರೆದು ಅದಕ್ಕೆ ನನ್ನ ಹೆಸರಿಟ್ಟಿದ್ದ ಎಂದು ಆಮೇಲೆ ತಿಳಿಯಿತು. ಆ ಡ್ರಮ್ಮಿಗೆ ದಿನಾ ಹಗ್ಗ ಸುತ್ತಿದರು, ಎಳೆದರು, ಉರುಳಿಸಿದರು. ಇಜೇರಿ ಹುಡುಗಿ ಬರುವುದನ್ನು ಬಿಟ್ಟಿರಲಿಲ್ಲ. ಆದರೆ ಬಾಲದ ಕಡೆ ನಿಲ್ಲುತ್ತಿದ್ದಳು, ಕೇಳಿದ್ದಕ್ಕಷ್ಟೇ ಉತ್ತರ. ಒಂದು ದಿನ ಅವಳನ್ನೂ ಡ್ರಮ್ಮಿನ ತಲೆಯ ಹತ್ತಿರ ಕೂರಿಸಿದೆ. ಸರಿಯಾಗಿ ಹಿಡಿದಳು. ಕಾಲು ಹತ್ತು ಸಲ ತಗುಲಿತು, ಕೈ ಬಿಡಲಿಲ್ಲ. ಗೋಣಿಚೀಲಕ್ಕೆ ಯಾರು ನಮಸ್ಕಾರ ಮಾಡುತ್ತಾರೆ? ಈ ಡ್ರಮ್ಮು ಕಲಿಸಬೇಕಾದದ್ದನ್ನು ಬಿಟ್ಟು ಉಳಿದೆಲ್ಲವನ್ನೂ ಕಲಿಸುತ್ತಿದೆ ಎಂದು ನನಗೆ ಆಗ ಹೊಳೆಯಿತು. ಪರೀಕ್ಷೆಗೆ ಮೂರು ವಾರ ಉಳಿದಿತ್ತು.

ಅದೇ ವಾರ ಕಪಾಟಿನಲ್ಲಿ ಗಾಜ್ ಬಟ್ಟೆ, ಟರ್ಪೆಂಟೈನ್ ಎಣ್ಣೆ ಎರಡೂ ಕಮ್ಮಿಯಾಗಿದ್ದವು. ಯಾರು ತೆಗೆದವರು ಎಂದು ತರಗತಿಯಲ್ಲಿ ಹಾರಾಡಿದೆ.

"ನಾನೇ ಒಯ್ದೇನ್ರಿ ಅಕ್ಕೋರ" ಎಂದಳು ಇಜೇರಿ ಹುಡುಗಿ. "ಕೊಳಕೂರ ಕಾಕಾನ ಎತ್ತಿಗಿ ಪಟ್ಟಿ ಬದಲ ಮಾಡಾಕತ್ತೇನಿ. ದಿನಾ ಬಿಟ್ಟ ದಿನಾ. ನೊಣ ಕೂತ್ರ ಹುಳ ಬೀಳತಾವಂತ ನೀವೇ ಹೇಳಿದ್ರೆಲ್ಲ."

ಬೆಳಗ್ಗೆ ಇಜೇರಿಯಿಂದ ಹೊರಟು, ಟಂಟಂ ಹತ್ತಿ ಕೊಳಕೂರಿಗೆ ಹೋಗಿ, ಪಟ್ಟಿ ಕಟ್ಟಿ, ಅಲ್ಲಿಂದ ಜೇವರ್ಗಿಯ ತರಗತಿಗೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ಆ ಕೆಲಸ ಮಾಡಬೇಕಾದವಳು ನಾನು. ಮೊದಲ ವಾರ ಎರಡು ಸಲ ಹೋಗಿ, ಗಾಯ ಒಣಗುತ್ತಿದೆ ಎಂದು ಹೇಳಿ, ಎತ್ತು ಹುಡುಕುವ ಗದ್ದಲದಲ್ಲಿ ಮರೆತೇಬಿಟ್ಟಿದ್ದೆ. ನನಗೆ ನಾಚಿಕೆಯಾಯಿತು, ನಾಚಿಕೆಯಾದಾಗ ನನಗೆ ಸಿಟ್ಟೂ ಬರುತ್ತದೆ. ಕಪಾಟಿನ ಬಾಗಿಲು ಜೋರಾಗಿ ಹಾಕಿ ಹೊರಗೆ ಹೋದೆ.

ಜಿಡಗಾ ಹುಡುಗ ಹಿಂದೆಯೇ ಬಂದ. "ಅಕ್ಕೋರ, ಆಳಂದದಾಗ ಒಬ್ಬ ನಾಲಬಂದ ಚಾಚಾ ಅದಾನ್ರಿ. ಎತ್ತಿಗಿ ಲಾಳ ಬಡಿತಾನ. ಸಂತಿ ದಿನಾ ಒಬ್ಬವನೇ ಎಷ್ಟೋ ಎತ್ತ ಕೆಡವತಾನ್ರಿ. ಒಂದ್ಸಲ ನೋಡಬೇಕ್ರಿ ನೀವು."

ಈ ಮಾತು ಅವನು ಮೊದಲೂ ಹೇಳಿದ್ದ. ಓದಿ ಬಂದ ನಾನು ಲಾಳ ಬಡಿಯುವವನ ಹತ್ತಿರ ಕಲಿಯಬೇಕೇ ಎಂದು ಮೂಗು ಮುರಿದಿದ್ದೆ. ಈ ಸಲ ಸಂತೆ ಯಾವತ್ತು ಎಂದು ಕೇಳಿದೆ. ಸಂತೆಯ ದಿನ ಅವನನ್ನೂ ಇಜೇರಿ ಹುಡುಗಿಯನ್ನೂ ಕರೆದುಕೊಂಡು ಕಲಬುರಗಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಆಳಂದ ಮುಟ್ಟಿದಾಗ ಹತ್ತು ಗಂಟೆ ದಾಟಿತ್ತು.

ದನದ ಸಂತೆಯ ಅಂಚಿನಲ್ಲಿ, ಬೇವಿನ ಮರದ ಕೆಳಗೆ ನಾಲಬಂದ ಕೂತಿದ್ದ. ಬಿಳಿ ಗಡ್ಡದ, ತೆಳ್ಳಗಿನ ಮನುಷ್ಯ. ಮುಂದೆ ಲಾಳಗಳು, ಮೊಳೆಗಳು, ಸುತ್ತಿಗೆ, ಒಂದು ಸವೆದ ಹಗ್ಗ. ನನ್ನ ಮೂರು ಸುತ್ತಿನ ವಿಧಾನವನ್ನೇ ಅವನು ಬೇರೆ ಹೆಸರಿಲ್ಲದೆ ಮಾಡುತ್ತಿದ್ದ. ನಾನು ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಿದ್ದೆ. ಆದರೆ ಹಗ್ಗ ಮುಟ್ಟುವ ಮೊದಲು ಅವನು ಒಂದು ಕೆಲಸ ಮಾಡಿದ, ಅದು ನನ್ನ ಪುಸ್ತಕದಲ್ಲಿ ಇರಲಿಲ್ಲ. ಎತ್ತಿನ ಮಾಲೀಕನ ಕಡೆ ತಿರುಗಿ ಸುಮ್ಮನೆ ಕೈ ಚಾಚಿದ. ಮಾಲೀಕ ಹೆಗಲ ಮೇಲಿನ ವಲ್ಲಿ ತೆಗೆದು ಆ ಕೈಯಲ್ಲಿಟ್ಟ.

ಎತ್ತು ಮಗ್ಗುಲಾದದ್ದೇ ತಡ, ನಾಲಬಂದ ಆ ವಲ್ಲಿಯನ್ನು ಎರಡು ಪದರ ಮಾಡಿ, ಒಂದು ತುದಿ ತಲೆಯ ಕೆಳಗೆ ತೂರಿಸಿ, ಎತ್ತಿನ ಕಣ್ಣಿನಿಂದ ಕುತ್ತಿಗೆಯವರೆಗೂ ಹಾಸಿದ. ಅದರ ಮೇಲೆ ಮೊಣಕಾಲು ಊರಿ ಕೂತ. ಎತ್ತು ಒಂದು ಉದ್ದನೆಯ ಉಸಿರು ಬಿಟ್ಟು ಸುಮ್ಮನಾಯಿತು. ಕೂತಲ್ಲಿಂದಲೇ ಅವನು ಜಿಡಗಾ ಹುಡುಗನಿಗೆ ಚಹಾ ಹೇಳಿಬಾ ಎಂದ.

ಇಜೇರಿ ಹುಡುಗಿ ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತಳು. ಮೂರು ವಾರದಲ್ಲಿ ಅವಳಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು.

"ಚಾಚಾ, ಕಾಲ ತಗಲಿದ್ರ?"

"ತಗಲತದ ಬೇಟಿ, ತಗಲೇ ತಗಲತದ."

"ಕೈ ತಾನೇ ಹೋಗತದ್ರಿ, ನಮಸ್ಕಾರಕ್ಕ."

ನಾಲಬಂದ ನಕ್ಕ. "ನಮಸ್ಕಾರ ಎಲ್ಲಿ ಓಡಿ ಹೋಗತದ? ಎತ್ತ ಎದ್ದ ನಿಂತ ಮ್ಯಾಲ ಮಾಡು, ಎರಡೂ ಕೈಲೆ ಮಾಡು. ಮತ್ತ ಇದು ನೋಡು, ವಲ್ಲಿ ಮಾಲಕಂದು. ಎತ್ತಿಗಿ ಅವನ ವಾಸನಿ ಗೊತ್ತದ, ಅಂಜಂಗಿಲ್ಲ. ಕಣ್ಣಾಗ ಮಣ್ಣ ಹೋಗಂಗಿಲ್ಲ. ನನ್ನ ಮೊಣಕಾಲ ಬಸವಣ್ಣನ ಮ್ಯಾಲ ಇಲ್ಲ, ವಲ್ಲಿ ಮ್ಯಾಲ ಅದ. ಮಾಲಕ ತನ್ನ ಕೈಲೆ ವಲ್ಲಿ ಕೊಟ್ಟ ಅಂದ್ರ ಕೂಡು ಅಂತ ಹುಕುಂ ಕೊಟ್ಟಂಗ. ಕೊಡಲಿಲ್ಲ ಅಂದ್ರ ನಾ ಹಗ್ಗ ಮುಟ್ಟಂಗಿಲ್ಲ, ಎಂಥಾ ಸಾವಕಾರ ಇದ್ರೂ ಅಷ್ಟೇ."

ಅವಳು ತಲೆಯಾಡಿಸುತ್ತಿದ್ದಳು. ನನಗೆ ಮಾತ್ರ ನಿಂತ ನೆಲ ಬಿಸಿಯಾದ ಹಾಗೆ ಆಯಿತು. ಕೊಳಕೂರಿನವರು ಎತ್ತು ತಂದದ್ದು ಗೊರಸು ಕತ್ತರಿಸಲಿಕ್ಕೆ. ಕೆಡವಬಹುದೇ, ಹುಡುಗರ ಕೈಗೆ ಕೊಡಬಹುದೇ ಎಂದು ನಾನು ಒಂದು ಮಾತು ಕೇಳಿರಲಿಲ್ಲ. ಹಗ್ಗ ತರಿಸಿದೆ, ಅಷ್ಟೇ. ಅವರು ಟ್ರೆವಿಸ್ಸಿನ ಪಕ್ಕದಲ್ಲಿ ವಲ್ಲಿ ಹೊದ್ದು ನಿಂತೇ ಇದ್ದರು. ಅಂದಿನಿಂದ ಈ ಹುಡುಗಿಯ ಕೈಯನ್ನು ಬೈದುಕೊಂಡು ತಿರುಗುತ್ತಿದ್ದೆ, ಮೊದಲ ತಪ್ಪು ನನ್ನದಾಗಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಅವಳ ಪಕ್ಕ ಕೂತೆ. ಅವತ್ತು ನಾನು ಹಾಗೆ ಅನ್ನಬಾರದಿತ್ತು ಎಂದೆ. ಹೇಳಲು ಕಲಬುರಗಿ ಹತ್ತಿರ ಬರುವವರೆಗೂ ಬೇಕಾಯಿತು.

ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: "ನೀವೂ ದಿನಾ ಮುಂಜಾನಿ ದವಾಖಾನಿ ಹೊಸ್ತಿಲಾ ಮುಟ್ಟಿ ಕಣ್ಣಿಗಿ ಹಚ್ಚಗೋತೀರಲ್ರಿ ಅಕ್ಕೋರ. ಕೈಯಾಗ ಔಷಧದ ಡಬ್ಬಿ ಇದ್ರೂ ಕೆಳಗಿಟ್ಟು ಮುಟ್ಟತೀರಿ. ನಾವೆಲ್ಲಾ ನೋಡೇವಿ."

ನಾನು ಮಾಡುತ್ತೇನೆ. ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮರುದಿನ ಅವಳ ಜೊತೆ ಕೊಳಕೂರಿಗೆ ಹೋದೆ. ಕೊಂಬಿನ ಗಾಯ ಒಣಗಿ, ಎಲುಬಿನ ಮೇಲೆ ತೆಳ್ಳನೆಯ ಒರಟು ಪದರ ಬಂದಿತ್ತು. ಇನ್ನೊಂದು ಕೊಂಬಿನ ಎದುರು ಅದು ಮೋಟು, ಬಡಕಲು. ಅವಳು ಪಟ್ಟಿ ಬಿಚ್ಚುವಾಗ ಎತ್ತು ತಾನಾಗಿಯೇ ತಲೆ ತಗ್ಗಿಸಿ ಕೊಟ್ಟಿತು. ಎತ್ತು ಕೇಳಬೇಕೆಂದೇ ನಾನು ಹೊರಟಿದ್ದೆ, ಪರೀಕ್ಷೆಗೆ ಹತ್ತೊಂಬತ್ತು ದಿನ ಉಳಿದಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಈಗ ಕೇಳಿದರೆ ಕ್ಷಮೆ ಕೇಳಿದ್ದು ಎತ್ತಿಗಾಗಿ ಎಂದಾಗುತ್ತದೆ.

"ಯಜಮಾನ್ರ, ತಪ್ಪು ಆಕಿದಲ್ಲ, ನಂದು. ನೀವು ಗೊರಸಿಗಿ ತಂದಿದ್ರಿ, ನಾ ಕೇಳಲಾರದ ಪಾಠ ಮಾಡಿದೆ" ಎಂದೆ.

ಅವರು ಎತ್ತಿನ ಬೆನ್ನು ಸವರಿದರು. "ಚಾ ಕುಡೀರಿ" ಎಂದರು. ಚಹಾ ಬಂತು. ಲೋಟ ಕೆಳಗಿಟ್ಟು ಎದ್ದಾಗ ಅವರು ನೆಲದ ಕಡೆ ನೋಡಿ ಅಂದರು: "ಗೊರಸ ಹಾಂಗೇ ಉಳದಾವ ನೋಡ್ರಿ." ಆ ಮಾತಿಗೆ ಏನು ಅರ್ಥ ಹಚ್ಚಬೇಕೋ ನನಗೆ ತಿಳಿಯಲಿಲ್ಲ. ನಾಳೆಯೇ ಬಂದು ನಿಲ್ಲಿಸಿಯೇ ಕತ್ತರಿಸುತ್ತೇನೆ ಎಂದೆ. ಗಾಯ ಪೂರ್ತಿ ಮಾಯಲಿ, ಆಮೇಲೆ ನೋಡೋಣ ಎಂದರು.

ಉಳಿದ ದಿನಗಳು ಹೇಗೆ ಹೋದವೋ. ಒಂದು ಎತ್ತಿಗಾಗಿ ಫೋನು ಮಾಡಿ ಮಾಡಿ ಕಿವಿ ಬಿಸಿಯಾಗುತ್ತಿತ್ತು. ತರಗತಿಯಲ್ಲಿ ಜ್ವರದ ಅಂಕಿ ಹೇಳುತ್ತ ಹೇಳುತ್ತ ಮಧ್ಯಕ್ಕೆ ನಿಂತು ಹೊರಗೆ ಹೋಗುತ್ತಿದ್ದೆ. ಪಕ್ಕದ ಹಳ್ಳಿಯೊಂದರಲ್ಲಿ ಒಬ್ಬರು ಒಪ್ಪಿಕೊಂಡರು, ಪರೀಕ್ಷೆಗೆ ಎರಡು ದಿನ ಇರುವಾಗ ಮಾತು ತಪ್ಪಿದರು. ತಂಡದ ಪಟ್ಟಿ ಕಳಿಸಬೇಕಿತ್ತು. ತಲೆಯ ಹತ್ತಿರ ಜಿಡಗಾ ಹುಡುಗನ ಹೆಸರು ಬರೆದೆ, ಇಜೇರಿ ಹುಡುಗಿಯನ್ನು ಹಿಂದೆ ಉಸಿರು ಎಣಿಸುವ ಕೆಲಸಕ್ಕೆ ಹಾಕಿದೆ. ಅವಳಿಗೆ ತೋರಿಸಿದಾಗ ಆಗಲಿ ಎಂದಳು. ಅವಳ ಮುಖ ನೋಡದೆ ಹಾಳೆ ಮಡಚಿದೆ. ಕ್ಷಮೆ ಕೇಳಿದ ನನಗೂ ಅವಳನ್ನು ತಲೆಯ ಹತ್ತಿರ ಕೂರಿಸುವ ಧೈರ್ಯ ಇರಲಿಲ್ಲ, ಹನ್ನೆರಡು ಜನರ ಕಾಗದ ಒಂದು ಕೈಯ ಮೇಲೆ ನಿಂತಿದೆ ಎಂಬುದೇ ತಲೆಯಲ್ಲಿತ್ತು.

ಪರೀಕ್ಷಕರು ಹೇಳಿದ ಹೊತ್ತಿಗೇ ಬಂದರು. ಬೇರೆ ಜಿಲ್ಲೆಯವರು, ಕಡಿಮೆ ಮಾತು. ಬೆಳಗ್ಗೆಯ ಹೊತ್ತು ಟ್ರೆವಿಸ್ಸಿನಲ್ಲಿ ಒಂದು ಆಕಳು ನಿಲ್ಲಿಸಿ ಜ್ವರ, ನಾಡಿ, ಸೂಜಿ ಎಲ್ಲ ನೋಡಿದರು. ಹುಡುಗರು ಚೆನ್ನಾಗಿಯೇ ಮಾಡಿದರು. ಹನ್ನೊಂದೂವರೆಗೆ ಕಾಗದ ತಿರುಗಿಸಿ, "ಎತ್ತು ಎಲ್ಲಿದೆ?" ಎಂದು ಕೇಳಿದರು.

ಬರುತ್ತಿದೆ ಎಂದೆ. ಸುಳ್ಳು. ಗೇಟಿನವರೆಗೆ ಹೋದೆ, ಬಂದೆ, ಮತ್ತೆ ಹೋದೆ. ಹನ್ನೆರಡರವರೆಗೆ ಕಾಯುತ್ತೇನೆ, ಆಮೇಲೆ ಇಲ್ಲವೆಂದು ಬರೆಯಬೇಕಾಗುತ್ತದೆ ಎಂದು ಅವರು ಸಮಾಧಾನವಾಗಿಯೇ ಹೇಳಿದರು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ರಸ್ತೆಯ ತಿರುವಿನಲ್ಲಿ ಒಂದು ಎತ್ತು ಕಂಡಿತು. ಕುಂಟುತ್ತ ಬರುತ್ತಿತ್ತು, ಒಂದು ಕೊಂಬು ಮೋಟು.

ಕೊಳಕೂರಿನವರು ಬಂದವರೇ ಗೊಣಗಿದರು. "ಗೊರಸ ಭಾಳ ಬೆಳದಾವ, ಎತ್ತಿಗಿ ತ್ರಾಸ ಆಗಾಕತ್ತದ. ನಿಮ್ಮ ಪರೀಕ್ಷಾಕ್ಕ ಅಂತ ತಂದಿಲ್ಲ ಮತ್ತ. ನಿನ್ನಿ ಸಂಜಿಯಿಂದ ಮೇವ ಹಾಕಿಲ್ಲ." ಪರೀಕ್ಷೆ ಇವತ್ತೆಂದು ಅವರಿಗೆ ಹೇಳಿದವರು ಯಾರು ಎಂದು ಕೇಳುವ ಪುರಸೊತ್ತು ಇರಲಿಲ್ಲ.

ಪರೀಕ್ಷಕರು ನನ್ನನ್ನು ಹತ್ತು ಹೆಜ್ಜೆ ಆಚೆ ನಿಲ್ಲಲು ಹೇಳಿದರು, ಶುರುವಾದ ಮೇಲೆ ಮಾತಾಡುವ ಹಾಗಿಲ್ಲ. ಈ ಸಲ ಟ್ರೆವಿಸ್ಸಿನಿಂದ ದೂರ, ಮರಳು ಹಾಸಿದ ಜಾಗ. ಜಿಡಗಾ ಹುಡುಗ ನಾಲಬಂದನ ಹತ್ತಿರ ನೋಡಿದ್ದನ್ನು ಮರೆತಿರಲಿಲ್ಲ, ಹೋಗಿ ರೈತರ ಮುಂದೆ ಕೈ ಚಾಚಿದ. ಅವರು ವಲ್ಲಿ ತೆಗೆದರು. ಆದರೆ ಅವನ ಕೈಯಲ್ಲಿಡಲಿಲ್ಲ. ಅವನನ್ನು ದಾಟಿ, ಹಿಂದೆ ನಿಂತಿದ್ದ ಇಜೇರಿ ಹುಡುಗಿಯ ಹತ್ತಿರ ಹೋದರು.

"ತಗೋ ಬೇ" ಎಂದರು. "ನೀ ಕೂಡತಿದ್ರ ಎತ್ತ ಇಲ್ಲಿ. ಇಲ್ಲಂದ್ರ ಹೊಡಕೊಂಡ ಹೋಗತೇನಿ."

ಅವಳು ನನ್ನ ಕಡೆ ನೋಡಿದಳು. ಎಲ್ಲರೂ ನನ್ನ ಕಡೆ ನೋಡಿದರು. ಆ ಪೈಪಿನಲ್ಲಿ ಉಳಿದ ಕೊಂಬು ನನ್ನ ಕಣ್ಣ ಮುಂದೆ ಬಂತು. ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ನಡೆದು ಹೋಗಿ ಪರೀಕ್ಷಕರ ಕೈಯಿಂದ ತಂಡದ ಪಟ್ಟಿ ಕೇಳಿ ತಗೊಂಡೆ. ಎರಡು ಹೆಸರು ಹೊಡೆದು ಅದಲು ಬದಲು ಮಾಡಿದೆ. ಅಕ್ಷರ ಸೊಟ್ಟಗಾಯಿತು.

ಹಗ್ಗ ಸುತ್ತಿದರು, ಎಳೆದರು. ಎತ್ತು ಕೂತಿತು, ಬಲ ಮಗ್ಗುಲಾಯಿತು, ಮೋಟು ಕೊಂಬು ಮೇಲೆ ಬಂತು. ಅವಳು ಆ ಕೊಂಬು ಮುಟ್ಟಲಿಲ್ಲ. ವಲ್ಲಿಯ ತುದಿ ತಲೆಯ ಕೆಳಗೆ ತೂರಿಸಿ, ಉಳಿದದ್ದನ್ನು ಮೇಲೆ ಹಾಸಿ, ಒಂದು ಕೈಯಲ್ಲಿ ಮೂಗುದಾರ, ಇನ್ನೊಂದು ಕೈಯಲ್ಲಿ ಕೆಳದವಡೆ ಹಿಡಿದಳು. ಮೊಣಕಾಲು ಊರಲು ಸರಿದಳು. ಸರಿಯುವಾಗ ಅವಳ ಪಾದ ಎತ್ತಿನ ಕೆನ್ನೆಗೆ ತಾಗಿತು.

ನನಗೆ ಕಂಡಿತು. ದವಡೆ ಹಿಡಿದ ಬಲಗೈಯ ಬೆರಳುಗಳು ಬಿಚ್ಚಿಕೊಂಡವು. ಒಂದು ಬೆರಳು, ಎರಡು ಬೆರಳು. ಬೆರಳುಗಳು ಮತ್ತೆ ಮುಚ್ಚಿದವು. ಅವಳು ಮೊಣಕಾಲು ಊರಿ ಕೂತಳು.

ಪರೀಕ್ಷಕರು ಸುತ್ತ ತಿರುಗುತ್ತ ಪ್ರಶ್ನೆ ಹಾಕಿದರು. ಬಲ ಮಗ್ಗುಲೇ ಯಾಕೆ? ಎಷ್ಟು ಹೊತ್ತು ಹೀಗೆ ಇಡಬಹುದು? ಹೊಟ್ಟೆ ಉಬ್ಬರಿಸಿದರೆ ಏನು ಮಾಡುತ್ತೀರಿ? ಅವಳು ತಲೆ ಎತ್ತದೆ ಉತ್ತರ ಹೇಳಿದಳು. ಜಿಡಗಾ ಹುಡುಗ ಈಗ ಹಿಂದೆ ಕೂತು ಉಸಿರು ಎಣಿಸುತ್ತಿದ್ದ, ಇನ್ನೊಬ್ಬ ಗೊರಸು ಕತ್ತರಿಸುತ್ತಿದ್ದ. ಆಗ ಪರೀಕ್ಷಕರು ಕಾಗದ ನೋಡಿ ನಿಂತರು.

"ಈ ಬಟ್ಟೆ ವಿಧಾನದಲ್ಲಿ ಇಲ್ಲವಲ್ಲ. ತೆಗೀರಿ."

"ತೆಗಿಯಂಗಿಲ್ರಿ ಸರ್" ಎಂದಳು. "ಕೆಳಗಿನ ಕಣ್ಣಾಗ ಮಣ್ಣ ಹೋಗತದ. ಮ್ಯಾಲಿನ ಕಣ್ಣಿಗಿ ಬಿಸಲ ಬಿದ್ರ ಎತ್ತ ತಲಿ ಎತ್ತತದ. ಗೊರಸ ಮುಗಿಯೋ ತನಕ ಇರಬೇಕ್ರಿ."

ಎರಡೂ ನಿಜವಾದ ಕಾರಣಗಳೇ. ಮೂರನೆಯದನ್ನು ಅವಳು ಹೇಳಲಿಲ್ಲ. ಪರೀಕ್ಷಕರು ಬಗ್ಗಿ ಎತ್ತಿನ ಕಣ್ಣು, ವಲ್ಲಿ, ಅವಳ ಮೊಣಕಾಲು ಮೂರನ್ನೂ ನೋಡಿದರು. ಕಾಗದದ ಅಂಚಿನಲ್ಲಿ ಏನೋ ಬರೆದುಕೊಂಡು ಮುಂದುವರಿಸಿ ಎಂದರು.

ನಾಲ್ಕೂ ಗೊರಸು ಮುಗಿದವು. ಹಿಂದಿನ ಸುತ್ತು ಸಡಿಲಿಸಿದರು, ಎದೆಯ ಸುತ್ತು, ಕುತ್ತಿಗೆಯದು. ತಲೆಯನ್ನು ಕೊನೆಗೆ ಬಿಡಬೇಕು, ಅವಳು ಕೊನೆಗೇ ಬಿಟ್ಟು ಪಕ್ಕಕ್ಕೆ ಸರಿದಳು. ಎತ್ತು ಎದ್ದು ಮೈ ಝಾಡಿಸಿತು. ಎರಡು ಹೆಜ್ಜೆ ಇಟ್ಟಿತು, ಮೂರನೆಯದೂ ಸಮನಾಗಿ ಬಿತ್ತು. ಆಯಿತು, ಎಲ್ಲ ಸರಿಯಾಗಿದೆ ಎಂದು ಪರೀಕ್ಷಕರು ಸಹಿ ಮಾಡಲು ನೆರಳಿಗೆ ಹೋದರು. ಹುಡುಗರು ಕೂಗಾಡುತ್ತಿದ್ದರು. ನನಗೆ ಅಳು ಬಂತು, ಎಲ್ಲರ ಮುಂದೆಯೇ ಅತ್ತೆ.

ಇಜೇರಿ ಹುಡುಗಿ ಎತ್ತಿನ ಹತ್ತಿರ ಹೋಗಿ ಎರಡೂ ಕೈಯಿಂದ ಅದರ ಕೆನ್ನೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಸಾವಕಾಶವಾಗಿ ಮಾಡಿದಳು. ಆಮೇಲೆ ನೆಲದ ಮೇಲೆ ಬಿದ್ದಿದ್ದ ವಲ್ಲಿ ಎತ್ತಿಕೊಂಡಳು. ನಡುವೆ ದುಂಡಗೆ ಅವಳ ಮೊಣಕಾಲಿನ ಗುರುತು, ಬೆವರು ಹತ್ತಿದ ಕರಿಮಣ್ಣು.

"ತೊಳದ ತಂದ ಕೊಡತೇನ್ರಿ ಕಾಕಾ. ನಾಡದ ಹ್ಯಾಂಗೂ ಕೊಂಬ ನೋಡಾಕ ಬರ್ತೇನಿ."

ಅವರು ಅವಳ ಕೈಯಿಂದ ವಲ್ಲಿ ತಗೊಂಡರು. ಝಾಡಿಸಲೂ ಇಲ್ಲ.

"ಹಾಂಗೇ ಇರಲಿ" ಎಂದರು. "ಊರಾಗ ಮಂದಿ ಕೇಳತಾರ, ತೋರಸಬೇಕು."

ಗುರುತು ಹೊರಗೆ ಕಾಣುವ ಹಾಗೆ ವಲ್ಲಿಯನ್ನು ಹೆಗಲ ಮೇಲೆ ಹಾಕಿಕೊಂಡು, ಎತ್ತು ಹೊಡೆದುಕೊಂಡು ಕೊಳಕೂರಿನ ದಾರಿ ಹಿಡಿದರು.